ಸ್ನಾಯುವಿನ ಬಿತ್ತನೆ ಬೀಜ

‘ಸ್ಟೆಮ್ ಸೆಲ್’ ಎಂಬ ಮಾತನ್ನು ಕೇಳದವರು ಈಗ ಮುಂಬಯಿಯಲ್ಲಿ ವಿರಳ. ಕನ್ನಡದಲ್ಲಿ ಅದನ್ನು ಆಕರಕೋಶವೆನ್ನುತ್ತಾರೆ. ಹೆಸರು ಬಲ್ಲವರು ಅನೇಕರಿದ್ದರೂ ಅದು ನಮ್ಮ ಮೈಯಲ್ಲಿ ಎಲ್ಲಿದೆ, ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಬಲ್ಲವರು ಕೆಲವರೇ. ಈ ಅರೆತಿಳಿವಿನ ಎಡೆಯಲ್ಲಿಯೇ ವ್ಯಾಪಾರವು ಬೇರೂರುತ್ತದೆ. ಸ್ನಾಯುಕ್ಷಯಕ್ಕೀಡಾದ ಮಗುವಿನ ತಂದೆತಾಯಿಗಳಿಗೆ ಆಕರಕೋಶದ ಚುಚ್ಚುಮದ್ದನ್ನು ಗುಣಪಡಿಸುವ ಔಷಧವೆಂದು ಮಾರುವುದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಹಾಗೆ ಹೇಳಲು ಕಾರಣವೇನೆಂಬುದು ಸ್ನಾಯುವಿನ ರಚನೆಯನ್ನು ಅರಿತರೆ ತಾನಾಗಿ ವಿದಿತವಾಗುವುದು.

ಧಾರಾವಿ ದುಡಿಮೆಯ ಬೀಡು. ಚರ್ಮದ ಚೀಲ ಹೊಲಿಯುವವರು, ಕುಂಬಾರವಾಡೆಯಲ್ಲಿ ಮಣ್ಣು ಹದಗೊಳಿಸುವವರು, ಹಳೆಯ ಪ್ಲಾಸ್ಟಿಕ್ಕಿನ ಮೂಟೆ ಹೊರುವವರು ಇಲ್ಲಿಯ ಗಲ್ಲಿಗಲ್ಲಿಗಳಲ್ಲಿದ್ದಾರೆ. ಹೊಸದಾಗಿ ಮೂಟೆ ಹೊತ್ತವನ ತೋಳು ಮರುದಿನ ಎತ್ತಲಾಗದಷ್ಟು ನೋಯುತ್ತದೆ. ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದೇ ಮೂಟೆ ಹಗುರವೆನಿಸುತ್ತದೆ. ಹರಿದುದನ್ನು ಹೊಲಿದವರಾರು?

ಸ್ನಾಯುವಿನ ನಾರು ಒಂದು ವಿಲಕ್ಷಣವಾದ ಜೀವಕೋಶ. ಸಾಮಾನ್ಯ ಕೋಶಕ್ಕೆ ಒಂದೇ ಕೋಶಕೇಂದ್ರವಿದ್ದರೆ ಇದಕ್ಕೆ ನೂರಾರು. ಆದರೆ ಅವುಗಳಲ್ಲಿ ಯಾವುದೂ ಮತ್ತೆ ಒಡೆದು ಎರಡಾಗಲಾರದು. ಹಾಗಿದ್ದ ಮೇಲೆ ಹೊಸ ಸಾಮಗ್ರಿ ಎಲ್ಲಿಂದ ಬರಬೇಕು? 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಅವರು ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತ, ನಾರಿಗೂ ಅದರ ಹೊರಹೊದಿಕೆಗೂ ನಡುವೆ ಅಡಗಿದ್ದ ಪುಟ್ಟ ಕೋಶಗಳನ್ನು ಕಂಡರು. ನಾರಿನ ಅಂಚಿಗೆ ಅಂಟಿಕೊಂಡಿದ್ದುದರಿಂದ ಅವುಗಳಿಗೆ ಉಪಗ್ರಹಕೋಶಗಳೆಂದು ಹೆಸರಾಯಿತು. (ಸ್ಪುಟ್ನಿಕ್ ಹಾರಿ ಆಗ ನಾಲ್ಕೇ ವರ್ಷಗಳಾಗಿದ್ದವು.) ಇವೇ ಸ್ನಾಯುವಿನ ಆಕರಕೋಶಗಳು.

ಇವು ಸಾಧಾರಣವಾಗಿ ನಿದ್ರಿಸುತ್ತಿರುತ್ತವೆ. ನಾರಿಗೆ ಪೆಟ್ಟಾದೊಡನೆ ಎಚ್ಚೆತ್ತು ಒಡೆದು ಹಲವಾಗುತ್ತವೆ. ಬಹುಭಾಗ ನಾರಿನೊಡನೆ ಬೆರೆತು ಹರಿದ ಎಡೆಯನ್ನು ತುಂಬುತ್ತವೆ. ಕೆಲವು ಮಾತ್ರ ಹಿಂದಿರುಗಿ ಮೊದಲಿನಂತೆ ನಿದ್ರೆಗಿಳಿಯುತ್ತವೆ. ಬರಗಾಲದಲ್ಲಿಯೂ ಬಿತ್ತನೆಯ ಜೋಳವನ್ನು ಕುಟ್ಟಿ ತಿನ್ನದ ನಮ್ಮ ಬಯಲುಸೀಮೆಯ ರೈತನ ವಿವೇಕವೇ ಇಲ್ಲಿಯೂ ಇದೆ. 2011ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇಲಿಗಳ ಸ್ನಾಯುವಿನಿಂದ ಈ ಕೋಶಗಳನ್ನು ಇಲ್ಲವಾಗಿಸಿದಾಗ ಗಾಯವು ಕೂಡಿಕೊಳ್ಳಲೇ ಇಲ್ಲ. ದುರಸ್ತಿಗೆ ಇವು ಅನಿವಾರ್ಯವೆಂಬುದು ಹೀಗೆ ನಿಶ್ಚಿತವಾಯಿತು. ಆದರೆ ಇವಿಲ್ಲದ ಇಲಿಗಳ ಸ್ನಾಯುವೂ ಭಾರಕ್ಕೆ ಒಡ್ಡಿದಾಗ ಕೆಲಕಾಲ ದಪ್ಪವಾದುದನ್ನು ಅದೇ ವರ್ಷ ಕಂಡರು. ಆದುದರಿಂದ ಬೆಳವಣಿಗೆಯಲ್ಲಿ ಇವುಗಳ ಪಾಲೆಷ್ಟು ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಏಕಮತವಿಲ್ಲ. ಪಂಡಿತರೇ ಚರ್ಚಿಸುತ್ತಿರುವುದನ್ನು ಡಬ್ಬಿಯ ಮೇಲೆ ಅಚ್ಚುಹಾಕಿ ವ್ಯಾಯಾಮಶಾಲೆಯ ಹುಡುಗರಿಗೆ ಮಾರುವವರ ಧೈರ್ಯವನ್ನು ಮೆಚ್ಚಲೇಬೇಕು!

ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು 2005ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ. ಮುದಿ ಇಲಿಯೊಂದನ್ನು ಎಳೆಯ ಇಲಿಯೊಡನೆ ಜೋಡಿಸಿ ಎರಡರ ಮೈಯಲ್ಲಿಯೂ ಒಂದೇ ರಕ್ತ ಹರಿಯುವಂತೆ ಮಾಡಿದಾಗ, ಮುದಿ ಇಲಿಯ ಮಂಕಾದ ಕೋಶಗಳು ಮತ್ತೆ ಚುರುಕಾದವು. ಬೀಜ ಸತ್ತಿರಲಿಲ್ಲ, ನೆಲ ಒಣಗಿತ್ತು. ಇದನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸುವುದು ಆತುರವಾದೀತು. ಆದರೂ ಹನ್ನೆರಡು ತಾಸು ದುಡಿದು, ಅರೆಹೊಟ್ಟೆ ಉಂಡು, ಗದ್ದಲದ ಖೋಲಿಯಲ್ಲಿ ನಾಲ್ಕು ತಾಸು ಮಲಗುವವನ ಸ್ನಾಯುವಿಗೆ ಕೊರತೆಯಾಗಿರುವುದು ಆಕರಕೋಶವಲ್ಲ. ಹೊಸ ನಾರು ಕಟ್ಟಲು ಸಸಾರಜನಕ ಬೇಕು. ಅದು ಬೇಳೆಯಲ್ಲಿದೆ, ಮೊಟ್ಟೆಯಲ್ಲಿದೆ, ಮೀನಿನಲ್ಲಿದೆ. ವಿಶ್ರಾಂತಿಯೂ ಬೇಕು, ಅದು ಮಾತ್ರ ಧಾರಾವಿಯ ಯಾವ ಅಂಗಡಿಯಲ್ಲಿಯೂ ದೊರೆಯದು.

ಇನ್ನು ಸ್ನಾಯುಕ್ಷಯದ ಮಾತು. ಹೆಸರಿನಲ್ಲಿ ಕ್ಷಯವಿದ್ದರೂ ಇದು ಅಂಟುಜಾಡ್ಯವಲ್ಲ. ಫ್ರಾನ್ಸಿನ ವೈದ್ಯ ಡುಶೆನ್ ಅವರು 1860ರ ದಶಕದಲ್ಲಿ ವಿವರಿಸಿದ ಬಗೆಯು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುತ್ತದೆ. ನಾರಿನ ಪೊರೆಯನ್ನು ಬಿಗಿಹಿಡಿಯುವ ಡಿಸ್ಟ್ರೊಫಿನ್ ಎಂಬ ಸಸಾರಜನಕವು ಈ ಮಕ್ಕಳಲ್ಲಿ ತಯಾರಾಗುವುದೇ ಇಲ್ಲವೆಂಬುದು 1987ರಲ್ಲಿ ತಿಳಿದುಬಂತು. ನಡೆದಾಡಿದಷ್ಟೂ ನಾರು ಹರಿಯುತ್ತದೆ. ಆಕರಕೋಶಗಳು ಮತ್ತೆ ಮತ್ತೆ ಏಳುತ್ತವೆ, ಹೊಲಿಯುತ್ತವೆ. ಹೊಲಿದುದು ಮತ್ತೆ ಹರಿಯುತ್ತದೆ. ಕೊನೆಗೆ ಸ್ನಾಯುವಿದ್ದ ಎಡೆಯಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಮಗುವಿನ ಮೀನಖಂಡ ದಪ್ಪಗೆ ಕಾಣುವುದರಿಂದ ಎಷ್ಟೋ ಮನೆಗಳಲ್ಲಿ ಹುಡುಗ ಗಟ್ಟಿಮುಟ್ಟಾಗಿದ್ದಾನೆಂದೇ ತಿಳಿಯುತ್ತಾರೆ.

ಇಂಥ ಮಗುವಿನ ಮಜ್ಜೆಯಿಂದಲೇ ಕೋಶಗಳನ್ನು ತೆಗೆದು ಅದರ ಮೈಗೇ ಚುಚ್ಚಿದರೆ ಆಗುವ ಲಾಭವೇನು? ಆ ಕೋಶಗಳಲ್ಲಿಯೂ ಅದೇ ದೋಷವಿದೆಯಷ್ಟೆ. 1990ರ ದಶಕದಲ್ಲಿ ಆರೋಗ್ಯವಂತರ ಸ್ನಾಯುಕೋಶಗಳನ್ನೇ ಇಂಥ ಹುಡುಗರಿಗೆ ಚುಚ್ಚಿ ನೋಡಿದರು. ಅವುಗಳಲ್ಲಿ ಬಹುಪಾಲು ಅಳಿದುಹೋದವು, ಬಲ ಬರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ರಕ್ತಸಂಬಂಧವಾದ ಕೆಲವು ರೋಗಗಳನ್ನುಳಿದು ಬೇರೆ ರೋಗಗಳಿಗೆ ಆಕರಕೋಶ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡಕೂಡದೆಂದು ಹೇಳುತ್ತದೆ. ಇಷ್ಟಾದರೂ ತಾಯಿಯ ತಾಳಿ ಅಡವಿಗೆ ಹೋಗುವುದಾದರೆ, ಅದಕ್ಕೆ ಆಕೆಯ ಅಜ್ಞಾನವನ್ನು ದೂರುವುದು ಸಲ್ಲದು. ಆಶೆಯನ್ನು ಮಾರಿದವರೇ ಹೊಣೆ.

ಶಾಲೆಗೂ ಇಲ್ಲಿ ಕೆಲಸವಿದೆ. ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನೇ ತಾನು ಏರುವಂತೆ ಏಳುವ ಹುಡುಗನನ್ನು, ಪದೇ ಪದೇ ಮುಗ್ಗರಿಸುವವನನ್ನು ಸೋಮಾರಿಯೆಂದು ಗದರಿಸದೆ ವೈದ್ಯರಿಗೆ ತೋರಿಸಬೇಕು. ಸಾಯನ್‌ನಲ್ಲಿರುವ ಲೋಕಮಾನ್ಯ ತಿಲಕ ಆಸ್ಪತ್ರೆ ಧಾರಾವಿಯ ಮಗ್ಗುಲಿನಲ್ಲಿಯೇ ಇದೆ. ವೈದ್ಯರು ಅಳತೆಯಿಟ್ಟು ಕೊಡುವ ಸ್ಟಿರಾಯ್ಡ್ ಗುಳಿಗೆಗಳು (ವ್ಯಾಯಾಮಶಾಲೆಯಲ್ಲಿ ಕದ್ದು ಮಾರುವ ಸ್ಟಿರಾಯ್ಡ್ ಬೇರೆ) ಮತ್ತು ಅಂಗಸಾಧನೆ ರೋಗವನ್ನು ನೀಗಿಸಲಾರವು. ನಡೆದಾಡುವ ಕೆಲವು ವರ್ಷಗಳನ್ನು ಹೆಚ್ಚಿಸಬಲ್ಲವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಆದುದರಿಂದ ಅಂಥ ವಿದ್ಯಾರ್ಥಿ ಯಾವ ಇಯತ್ತೆಯಲ್ಲಿದ್ದರೂ ಆ ವರ್ಗವನ್ನು ಕೆಳಮಾಳಿಗೆಯಲ್ಲಿ ನಡೆಸಬೇಕೆಂದು ನಾವು ಶಾಲೆಗಳ ಚಾಲಕರನ್ನು ಕೇಳಿಕೊಳ್ಳುತ್ತೇವೆ. ಅದಕ್ಕೆ ಹಣ ಬೇಕಿಲ್ಲ. ವೇಳಾಪತ್ರಿಕೆಯಲ್ಲಿ ಒಂದು ಕೊಠಡಿಯ ಅಂಕಿಯನ್ನು ತಿದ್ದಿದರಾಯಿತು.