ಆಟ ಆಡೋಕೆ ಬಂದಿದ್ದೀಯ, ಆಟ ಆಡು

(1/6)

ಮೊನ್ನೆ ನಮ್ಮ ಕ್ಲಾಸ್ ಗ್ರೂಪಿಗೆ ಯಾರೋ ಒಂದು ಹಳೇ ಕ್ಲಿಪ್ ಹಾಕಿದ್ರು. ನೀವೂ ನೋಡಿರ್ತೀರಿ. ಕಂಠೀರವ ಸ್ಟೇಡಿಯಂ, 2023ರ ಜುಲೈ 4, ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದ ನಮ್ಮ ಹುಡುಗರು ಪದಕ ತಗೊಳ್ತಿದ್ದಾರೆ. ಅವರಲ್ಲಿ ಒಬ್ಬ ಹೆಗಲ ಮೇಲೆ ಏಳು ಬಣ್ಣದ ಬಾವುಟ ಹೊದ್ದುಕೊಂಡಿದ್ದಾನೆ. ಹೆಸರು ಜೀಕ್ಸನ್ ಸಿಂಗ್, ಊರು ಮಣಿಪುರ, ಆಗ ವಯಸ್ಸು 22.

ಕ್ಲಿಪ್ ಕೆಳಗೆ ನಮ್ಮವರ ಮಾತು: "ಇವನನ್ನ ಟೀಮಿಂದ ಕಿತ್ತು ಹಾಕ್ಬೇಕಿತ್ತು." "ಆಟ ಆಡೋಕೆ ಬಂದಿದ್ದೀಯ, ಆಟ ಆಡು." ಅಲ್ಲಿಂದ ಚರ್ಚೆ ರಾಷ್ಟ್ರಗೀತೆಗೆ ಹೋಯ್ತು, ಅಮೆರಿಕದಲ್ಲಿ ರಾಷ್ಟ್ರಗೀತೆ ಹೊತ್ತಲ್ಲಿ ಮಂಡಿಯೂರಿದ ಆಟಗಾರನ ಹತ್ರ ಹೋಯ್ತು, ಕೊನೆಗೆ "ಇಂಥವರಿಗೆಲ್ಲಾ ವಾಕ್ ಸ್ವಾತಂತ್ರ್ಯ ಜಾಸ್ತಿ ಆಯ್ತು" ಅನ್ನೋ ಕಡೆ ಬಂದು ನಿಂತ್ಕೊಂಡ್ತು. ನಾನು ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ಅಲ್ಲಿ ಎರಡು ಸಾಲಿಗಿಂತ ಜಾಸ್ತಿ ಬರೆದ್ರೆ ಯಾರೂ ಓದಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಆರು ಪೋಸ್ಟ್ ಇದೆ. ಬೈಯೋದಿದ್ರೆ ಆರೂ ಓದಿ ಬೈಯಿರಿ.

ಮೊದಲು ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಆ ರಾತ್ರಿ ನಾನು ಆ ಸ್ಟೇಡಿಯಂನಲ್ಲಿದ್ದೆ. "ಆಟ ಆಡೋಕೆ ಬಂದಿದ್ದೀಯ, ಆಟ ಆಡು" ಅಂತ ಕೂಗಿದವರಲ್ಲಿ ನಾನೂ ಒಬ್ಬ.

(2/6)

ಆಗ ನಾನು ಸೆಕೆಂಡ್ ಪಿಯು. ಆರ್‌ಪಿಸಿ ಲೇಔಟಿಂದ ನಾವು ನಾಲ್ಕು ಜನ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕಲ್ಲಿ ಇಳಿದು ನಡ್ಕೊಂಡು ಹೋಗಿದ್ವಿ. ಎಂಥಾ ಮ್ಯಾಚ್ ಗುರು ಅದು! ಮೊದಲು ಕುವೈತ್ ಗೋಲು, ಆಮೇಲೆ ಮಿಜೋರಾಂನ ಛಾಂಗ್ಟೆ ಸಮ ಮಾಡಿದ. ಎಕ್ಸ್‌ಟ್ರಾ ಟೈಮ್ ಮುಗಿದರೂ 1-1. ಪೆನಾಲ್ಟಿಯಲ್ಲಿ ನಮ್ಮ ಕೊನೇ ಕಿಕ್ ಗೋಲು ಮಾಡಿದ್ದು ಮಹೇಶ್ ಸಿಂಗ್, ಅವನೂ ಮಣಿಪುರದವನೇ. ಆಮೇಲೆ ಗುರ್‌ಪ್ರೀತ್ ಹಾರಿ ತಡೆದ. ನನಗೆ ಎರಡು ದಿನ ಗಂಟಲು ಇರಲಿಲ್ಲ.

ಪದಕದ ಹೊತ್ತಿಗೆ ಜೀಕ್ಸನ್ ಆ ಬಾವುಟ ಹೊದ್ದುಕೊಂಡು ಬಂದ. ಅದು ಯಾವ ಬಾವುಟ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ತ್ರಿವರ್ಣ ಅಲ್ಲ ಅನ್ನೋದಷ್ಟೇ ಗೊತ್ತಿತ್ತು, ಕೂಗೋಕೆ ಅಷ್ಟು ಸಾಕಾಯ್ತು. ಕೊನೇ ಮೆಟ್ರೋ ತಪ್ಪಿಹೋಗುತ್ತೆ ಅಂತ ಓಡಿ ಹೋಗಿ ಹತ್ಕೊಂಡ್ವಿ. ಸೀಟು ಸಿಕ್ಕಿದ ಮೇಲೂ ಅವನ್ನೇ ಬೈತಿದ್ವಿ. ಮೆಜೆಸ್ಟಿಕ್ ದಾಟಿದ ಮೇಲೆ ಎದುರಿನ ಕಿಟಕಿ ಗಾಜಿನಲ್ಲಿ ನನ್ನನ್ನೇ ನೋಡ್ಕೊಂಡೆ. ನನ್ನ ಹೆಗಲ ಮೇಲೆ ಹಳದಿ-ಕೆಂಪು ಬಾವುಟ ಇತ್ತು. ಮ್ಯಾಚ್ ಪೂರ್ತಿ ಅದನ್ನೇ ಹೊದ್ದುಕೊಂಡಿದ್ದೆ.

ನಮ್ಮ ಬಾವುಟದ ಕಥೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ತುಂಬಾ ಜನಕ್ಕೆ ಗೊತ್ತಿಲ್ಲ. ಹಳದಿ-ಕೆಂಪು ಬಾವುಟ ಕೊಟ್ಟವರು ಮ. ರಾಮಮೂರ್ತಿ, ಕನ್ನಡ ಚಳವಳಿಯ ಹೊತ್ತಲ್ಲಿ, 1960ರ ದಶಕದಲ್ಲಿ. ಅದಕ್ಕೆ ಸರ್ಕಾರಿ ಮಾನ್ಯತೆ ಇಲ್ಲ. 2018ರ ಮಾರ್ಚಲ್ಲಿ ಸಿದ್ದರಾಮಯ್ಯ ಸರ್ಕಾರ ನಡುವೆ ಬಿಳಿ ಸೇರಿಸಿದ ನಾಡಧ್ವಜ ತೋರಿಸಿ ಕೇಂದ್ರದ ಒಪ್ಪಿಗೆಗೆ ಅಂತ ಹೊರಟಾಗ, "ದೇಶಕ್ಕೆ ಒಂದೇ ಬಾವುಟ" ಅಂತ ಟಿವಿಯಲ್ಲಿ ನಮಗೇ ಬೈದ್ರು. ಆಗ ನಮಗೆಲ್ಲಾ ಉರೀತು. "ನಮ್ಮ ನಾಡು, ನಮ್ಮ ಗುರುತು, ದೇಶಕ್ಕೇನು ಕಮ್ಮಿ ಆಗುತ್ತೆ" ಅಂದ್ವಿ. 2022ರಲ್ಲಿ ಬೆಳಗಾವಿಯ ಒಂದು ಕಾಲೇಜು ಫೆಸ್ಟ್‌ನಲ್ಲಿ ಕನ್ನಡ ಬಾವುಟ ಹಿಡಿದು ಕುಣಿದ ಹುಡುಗನಿಗೆ ಅಲ್ಲಿನ ಹುಡುಗರೇ ಹೊಡೆದಾಗ, ಈ ಅಕೌಂಟಿನಲ್ಲೇ ನಾನು ಮೂರು ಸ್ಟೋರಿ ಹಾಕಿದ್ದೆ. ಹೈಲೈಟ್ಸ್‌ನಲ್ಲಿ ಇನ್ನೂ ಇದೆ, ನೋಡಿ.

ಬೆಳಗಾವಿ ಹುಡುಗನಿಗೆ ಇದ್ದ ಹಕ್ಕು ಥೌಬಾಲ್ ಜಿಲ್ಲೆಯ ಹುಡುಗನಿಗೆ ಇಲ್ಲ ಅಂತ ನಾನು ಏಳೇ ತಿಂಗಳಲ್ಲಿ ತೀರ್ಮಾನ ಮಾಡ್ಬಿಟ್ಟಿದ್ದೆ. ಅದೂ ಅವನ ಊರಲ್ಲಿ ಏನಾಗ್ತಿದೆ ಅಂತ ಒಂದು ಸುದ್ದೀನೂ ಪೂರ್ತಿ ಓದದೆ.

(3/6)

ಮೇ 3ರಿಂದ ಮಣಿಪುರ ಉರೀತಿತ್ತು. ಮನೆಗಳು ಸುಟ್ಟು, ಜನ ಸತ್ತು, ಸಾವಿರಾರು ಜನ ಶಿಬಿರದಲ್ಲಿದ್ರು. ಇಂಟರ್ನೆಟ್ ಬಂದ್. ಎರಡು ತಿಂಗಳಾದ್ರೂ ನಮ್ಮ ಟೈಮ್‌ಲೈನ್‌ನಲ್ಲಿ ಅದು ಬಂದೇ ಇರಲಿಲ್ಲ. ಜೀಕ್ಸನ್ ಹೇಳಿದ್ದು ಇಷ್ಟೇ: ಯಾರ ಮನಸ್ಸು ನೋಯಿಸೋಕೂ ಹಾಕಿದ್ದಲ್ಲ, ನನ್ನ ರಾಜ್ಯದ ಕಡೆ ಒಂದ್ಸಲ ನೋಡಿ, ಶಾಂತಿ ಬೇಕು. ಅವನು ರಾಷ್ಟ್ರಗೀತೆಗೆ ಬೆನ್ನು ಹಾಕಲಿಲ್ಲ, ಪದಕ ಎಸೀಲಿಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಭಾರತದ ಗೋಲು ಹೊಡೆದವನು ಇವನೇ. ಫೀಫಾ ವಿಶ್ವಕಪ್ ಅಂತ ಹೆಸರಿರೋ ಟೂರ್ನಿಯಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ದೇಶಪ್ರೇಮದ ಸರ್ಟಿಫಿಕೇಟ್ ಬೇಕು ಅಂದ್ರೆ, ನಮ್ಮ ಗ್ರೂಪಿನಲ್ಲಿ ಯಾರ ಹತ್ರ ಇದಕ್ಕಿಂತ ದೊಡ್ಡದಿದೆ?

ಈಗ ನಮ್ಮ ಗ್ರೂಪಿನಲ್ಲಿ ಒಬ್ಬ ಹೇಳಿದ ಮಾತಿಗೆ ಬರ್ತೀನಿ, ಯಾಕಂದ್ರೆ ಅವನೊಬ್ಬನೇ ಸ್ವಲ್ಪ ಓದ್ಕೊಂಡು ಬಂದಿದ್ದ. "ಅದು ಮಣಿಪುರದ ಬಾವುಟ ಅಲ್ಲ, ಮೈತೇಯಿಗಳ ಬಾವುಟ. ಕುಕಿಗಳಿಗೆ ಅದನ್ನ ನೋಡಿ ಏನನ್ಸಿರಬೇಡ?" ನಿಜ. ಏಳು ಬಣ್ಣ ಅಂದ್ರೆ ಮೈತೇಯಿಗಳ ಏಳು ಕುಲ. ಎರಡು ಸಮುದಾಯ ಹೊಡೆದಾಡ್ತಿರೋವಾಗ ಒಂದು ಕಡೆಯ ಬಾವುಟ ಹೊದ್ದು "ಶಾಂತಿ" ಅಂದ್ರೆ ಇನ್ನೊಂದು ಕಡೆಯವರಿಗೆ ಅದು ಶಾಂತಿ ಥರ ಕೇಳಿಸಲ್ಲ. ನನ್ನನ್ನ ಕೇಳಿದ್ರೆ, ಅವನು ಆ ಬಾವುಟ ಹಾಕಬಾರದಿತ್ತು. ಸುಮ್ಮನೆ ಒಂದು ಬಿಳಿ ಬಟ್ಟೆಯಲ್ಲಿ ಊರ ಹೆಸರು ಬರ್ಕೊಂಡು ಬಂದಿದ್ರೂ ನಡೀತಿತ್ತು.

ಆದ್ರೆ ನೋಡಿ, ನಾನು ಈಗ ಮಾಡಿದ್ದು ವಾದ. ಅವನು ಹೇಳಿದ, ನಾನು ಒಪ್ಪಲಿಲ್ಲ, ಯಾಕೆ ಅಂತ ಹೇಳ್ದೆ. "ಟೀಮಿಂದ ಕಿತ್ತು ಹಾಕಿ", "ಕೇಸ್ ಹಾಕಿ" ಅನ್ನೋದು ವಾದ ಅಲ್ಲ, ಬಾಯಿಗೆ ಬೀಗ. ನಮಗೆ ಇಷ್ಟ ಆಗೋ ಮಾತಿಗೆ ಸಂವಿಧಾನದ 19ನೇ ವಿಧಿ ಯಾಕೆ ಬೇಕು ಸ್ವಾಮಿ? ಅದಕ್ಕೆ ಲೈಕ್ ಬಟನ್ ಸಾಕು.

(4/6)

"ಬಾವುಟ ತಪ್ಪು, ಅದಕ್ಕೇ ಬೈದ್ವಿ" ಅಂತೀರಾ? ಸರಿ, ಬಾವುಟ ಸರಿ ಇದ್ದಾಗ ಏನಾಯ್ತು ಅಂತ ನೋಡೋಣ. ಕಂಠೀರವ ಫೈನಲ್‌ಗೆ ಐದು ವಾರ ಮುಂಚೆ, 2023ರ ಮೇ 28. ದೆಹಲಿಯಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಹೊಸ ಸಂಸತ್ ಭವನದ ಕಡೆ ಹೊರಟಿದ್ರು. ಕುಸ್ತಿ ಫೆಡರೇಷನ್ ಅಧ್ಯಕ್ಷನ ಮೇಲೆ ಲೈಂಗಿಕ ಕಿರುಕುಳದ ದೂರು, ಅದಕ್ಕೆ ನ್ಯಾಯ ಕೇಳೋಕೆ. ಕೈಯಲ್ಲಿ ಏಳು ಬಣ್ಣ ಇರಲಿಲ್ಲ, ತ್ರಿವರ್ಣ ಇತ್ತು. ಅದೇ ಬಾವುಟದ ಜೊತೆ ರಸ್ತೆ ಮೇಲೆ ಬಿದ್ದವರನ್ನ ಎಳ್ಕೊಂಡು ಬಸ್ಸಿಗೆ ಹಾಕಿದ್ರು, ಗಲಭೆ ಕೇಸೂ ಹಾಕಿದ್ರು. ಸಾಕ್ಷಿ, ಬಜರಂಗ್ ಒಲಿಂಪಿಕ್ ಪದಕ ಗೆದ್ದವರು ಕಣ್ರೀ. ಎರಡು ದಿನ ಆದ್ಮೇಲೆ ಪದಕಗಳನ್ನ ಗಂಗೆಗೆ ಬಿಡ್ತೀವಿ ಅಂತ ಹರಿದ್ವಾರಕ್ಕೆ ಹೋದ್ರು. ಆಗ ನಮ್ಮ ಅನಿಲ್ ಕುಂಬ್ಳೆ, ಕುಸ್ತಿಪಟುಗಳನ್ನ ನಡೆಸಿಕೊಂಡ ರೀತಿಗೆ ಬೇಸರ ಆಗಿದೆ, ಮಾತುಕತೆಯಿಂದ ಬಗೆಹರಿಸಿ ಅಂತ ಬರೆದ್ರು. ಅದರ ಕೆಳಗೂ ಅದೇ ಸಾಲು: ಕುಸ್ತಿ ಆಡೋಕೆ ಬಂದವರು ಕುಸ್ತಿ ಆಡ್ಲಿ.

ಬಾವುಟ ಯಾವುದಾದ್ರೂ ಸಾಲು ಬದಲಾಗಲ್ಲ. ಸಿಟ್ಟು ಬಾವುಟದ ಮೇಲೆ ಇರೋದೇ ಅಲ್ಲ. ಆಟಗಾರ ಬಾಯಿ ತೆಗೆದ ಅನ್ನೋದರ ಮೇಲೆ. ಅವನು ಪಾನ್ ಮಸಾಲಾ ಜಾಹೀರಾತಲ್ಲಿ ಬಾಯಿ ತೆಗೆದ್ರೆ ಪರವಾಗಿಲ್ಲ, ಬೆಟ್ಟಿಂಗ್ ಆ್ಯಪ್‌ಗೆ ತೆಗೆದ್ರೂ ಪರವಾಗಿಲ್ಲ.

ಅಮೆರಿಕದವನ ಕಥೆಯೂ ಇದೇ. 2016ರಲ್ಲಿ ಕಾಲಿನ್ ಕೆಪರ್ನಿಕ್ ಮೊದಲು ರಾಷ್ಟ್ರಗೀತೆ ಹೊತ್ತಲ್ಲಿ ಕೂತಿದ್ದ, ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯ ನಿಲ್ಲಲಿ ಅಂತ. ಸೇನೆಯಲ್ಲಿದ್ದು ಬಂದ ನೇಟ್ ಬಾಯರ್ ಅನ್ನೋ ಆಟಗಾರ ಅವನ ಜೊತೆ ಕೂತು ಮಾತಾಡಿದ. ಕೂರೋ ಬದಲು ಮಂಡಿಯೂರು, ಸತ್ತ ಸೈನಿಕನ ಸಮಾಧಿ ಮುಂದೆ ನಾವು ಹಾಗೆ ಮಾಡ್ತೀವಿ ಅಂದ. ಅವನು ಒಪ್ಪಿ ಮಂಡಿಯೂರಿದ. ಅಂದ್ರೆ ನಮ್ಮ ಗ್ರೂಪಿನಲ್ಲಿ "ಸೈನಿಕರಿಗೆ ಅವಮಾನ" ಅಂತ ಶೇರ್ ಆದ ಆ ಫೋಟೋದಲ್ಲಿರೋ ಭಂಗಿ, ಒಬ್ಬ ಸೈನಿಕನೇ ಹೇಳಿಕೊಟ್ಟದ್ದು. 2017ರಿಂದ ಅವನಿಗೆ ಯಾವ ತಂಡವೂ ಕೆಲಸ ಕೊಡಲಿಲ್ಲ. ಇದನ್ನ ತಿಳ್ಕೊಳ್ಳೋಕೆ ನನಗೆ ಹತ್ತು ನಿಮಿಷ ಸಾಕಾಯ್ತು.

(5/6)

"ನೀನು ಏನೇ ಹೇಳು, ರಾಷ್ಟ್ರಗೀತೆಗೆ ಎಲ್ಲರೂ ಹಾಡಲೇಬೇಕು, ಅದು ಕಾನೂನು." ಈ ಮಾತನ್ನ ಲೈಬ್ರರಿಯಲ್ಲಿ ಕೂತು ನೋಡಿದೆ. ಹಂಪಿನಗರದ ಲೈಬ್ರರಿ ಇರೋದು ಬರೀ ಕೆಎಎಸ್ ಓದೋರಿಗಲ್ಲ!

1985ರಲ್ಲಿ ಕೇರಳದಲ್ಲಿ ಒಂದೇ ಮನೆಯ ಮೂರು ಮಕ್ಕಳನ್ನ ಶಾಲೆಯಿಂದ ಹೊರಗೆ ಹಾಕಿದ್ರು. ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ರು, ಆದ್ರೆ ತಮ್ಮ ಧರ್ಮದ ಕಾರಣಕ್ಕೆ ಹಾಡ್ತಿರಲಿಲ್ಲ. ಕೇಸ್ ಸುಪ್ರೀಂ ಕೋರ್ಟಿಗೆ ಹೋಯ್ತು. 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳ ಪರವಾಗಿ ತೀರ್ಪು ಕೊಡ್ತು. ಗೌರವದಿಂದ ನಿಂತಿದ್ದಾರೆ, ಸಾಕು. ಹಾಡಲೇಬೇಕು ಅಂತ ಬಲವಂತ ಮಾಡೋ ಕಾನೂನು ಇಲ್ಲ. ಸುಮ್ಮನಿರೋದೂ ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತೆ, ಅನ್ನೋದು ಅದರ ತಾತ್ಪರ್ಯ. ಎದ್ದು ನಿಲ್ಲಬೇಕು ಅಂತ ಗೃಹ ಸಚಿವಾಲಯದ ಸೂಚನೆ ಇದೆ, ಇಲ್ಲ ಅಂತಿಲ್ಲ. ನಾನೂ ನಿಲ್ತೀನಿ, ಹಾಡ್ತೀನಿ, ಇಷ್ಟಪಟ್ಟೇ ಹಾಡ್ತೀನಿ. ಆದ್ರೆ 1971ರ ರಾಷ್ಟ್ರಗೌರವ ಕಾಯ್ದೆ ಮೂರು ವರ್ಷದವರೆಗೆ ಶಿಕ್ಷೆ ಹೇಳೋದು ಯಾರಿಗೆ ಗೊತ್ತಾ? ಬೇಕಂತಲೇ ರಾಷ್ಟ್ರಗೀತೆ ಹಾಡೋದನ್ನ ತಡೆಯೋರಿಗೆ, ಹಾಡ್ತಿರೋ ಸಭೆಯಲ್ಲಿ ಗಲಾಟೆ ಎಬ್ಬಿಸೋರಿಗೆ. ಪಕ್ಕದವನು ಯಾಕೆ ಹಾಡ್ತಿಲ್ಲ ಅಂತ ನಡುವೆ ಕಾಲರ್ ಹಿಡಿಯೋ ವೀರರು ಇದನ್ನ ಒಂದ್ಸಲ ಓದ್ಕೊಳ್ಳಿ.

ಹಿಡಿದೂ ಇದ್ದಾರೆ. 2019ರ ಅಕ್ಟೋಬರ್‌ನಲ್ಲಿ ನಮ್ಮ ಪಶ್ಚಿಮ ಬೆಂಗಳೂರಲ್ಲೇ, ಓರಾಯನ್ ಮಾಲ್‌ನಲ್ಲಿ. ತಮಿಳು ಸಿನಿಮಾ ನೋಡೋಕೆ ಬಂದಿದ್ದ ಕೆಲವರು ರಾಷ್ಟ್ರಗೀತೆಗೆ ನಿಲ್ಲಲಿಲ್ಲ ಅಂತ ಸುತ್ತುವರಿದು, ನೀವೇನು ಪಾಕಿಸ್ತಾನದ ಭಯೋತ್ಪಾದಕರಾ ಅಂತ ಕೇಳಿ, ಮೊಬೈಲಲ್ಲಿ ಶೂಟ್ ಮಾಡಿ, ಹಾಲ್‌ನಿಂದ ಹೊರಗೆ ಕಳಿಸಿದ್ರು. ಸಿನಿಮಾ ಹಾಲ್‌ನಲ್ಲಿ ರಾಷ್ಟ್ರಗೀತೆ ಹಾಕೋದು ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲೇ ಹೇಳಿತ್ತು. ಅಷ್ಟೂ ಜನ ಹಾಲ್‌ಗೆ ಬಂದಿದ್ದು ದೇಶ ಕಾಯೋಕಲ್ಲ, ಪಾಪ್‌ಕಾರ್ನ್ ತಿನ್ನೋಕೆ.

(6/6)

ಇಷ್ಟೆಲ್ಲಾ ಯಾಕೆ ಬರೆದೆ ಅಂದ್ರೆ, ಆ ಕ್ಲಿಪ್ ಬಂದ ಗ್ರೂಪಿನಲ್ಲಿ ಮಣಿಪುರದ ಒಬ್ಬಳು ಇದ್ದಾಳೆ. ನಮ್ಮ ಕ್ಲಾಸೇ. ಹೆಸರು ಹಾಕಲ್ಲ, ಅವಳನ್ನ ಕೇಳಿಯೇ ಬರೀತಿದ್ದೀನಿ. ನೀವು ಅಷ್ಟೂ ಮೆಸೇಜ್ ಹಾಕಿದಾಗ ಅವಳು ಓದ್ತಾ ಇದ್ಲು. ಎರಡು ನೀಲಿ ಟಿಕ್ ನಿಮಗೂ ಕಂಡಿರುತ್ತೆ.

ಮಾರನೇ ದಿನ ಕ್ಯಾಂಟೀನಲ್ಲಿ ಅವಳ ಹತ್ರ ಕ್ಷಮೆ ಕೇಳೋಕೆ ಹೋದೆ. ಅವಳು ಜೀಕ್ಸನ್ ಬಗ್ಗೆ ಏನೂ ಹೇಳಲಿಲ್ಲ. ಒಂದು ಬೇರೆ ವಿಷಯ ಹೇಳಿದಳು. ಕಾಲೇಜಿನಲ್ಲಿ ರಾಷ್ಟ್ರಗೀತೆ ಶುರುವಾದಾಗೆಲ್ಲಾ ನಮ್ಮಲ್ಲಿ ನಾಲ್ಕೈದು ಜನ ತಿರುಗಿ ಅವಳ ಬಾಯಿ ನೋಡ್ತಾರಂತೆ, ಹಾಡ್ತಿದ್ದಾಳಾ ಇಲ್ವಾ ಅಂತ. ಫಸ್ಟ್ ಇಯರಿಂದ. ಅದಕ್ಕೇ ಅವಳು ಎಲ್ಲರಿಗಿಂತ ಜೋರಾಗಿ ಹಾಡ್ತಾಳೆ. "ಎಷ್ಟು ಚೆನ್ನಾಗಿ ಹಾಡ್ತಾಳೆ ನೋಡು" ಅಂತ ನಾವೇ ಮಾತಾಡ್ಕೊಂಡಿದ್ದು ನೆನಪಿದೆಯಾ?

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಆಗ ಮೆಜೆಸ್ಟಿಕ್‌ನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ರು. 2012ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನಾನೇ, ರೈಲ್ವೇ ಸ್ಟೇಷನ್‌ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲವಂತೆ. ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್‌ಎಂಎಸ್ ಹರಡಿ, ಸಾವಿರಾರು ಜನ ಗುವಾಹಟಿ ಕಡೆ ವಿಶೇಷ ರೈಲು ಹತ್ತಿದ್ರು. ಹೋಟೆಲ್ ಹುಡುಗರು, ಸೆಕ್ಯುರಿಟಿ ಗಾರ್ಡ್‌ಗಳು, ಸಲೂನ್‌ನಲ್ಲಿ ಕೆಲಸ ಮಾಡೋ ಹುಡುಗೀರು, ಕಾಲೇಜಿನವರು. ಸರ್ಕಾರ ಮಂತ್ರಿಗಳನ್ನೇ ಸ್ಟೇಷನ್‌ಗೆ ಕಳಿಸಿ "ಹೋಗಬೇಡಿ" ಅಂತ ಕೇಳ್ಕೊಂಡ್ರೂ ಹೋದ್ರು. "ಯಾರೂ ಅವರಿಗೆ ಹೊಡೆದಿರಲಿಲ್ಲ ಕಣೋ," ಅಂದ್ರು ಅಪ್ಪ. "ಆದ್ರೆ ನಾವು ಹೊಡೆಯಲ್ಲ ಅಂತ ಅವರಿಗೆ ನಂಬಿಕೆ ಇರಲಿಲ್ಲ. ಅದು ನಮ್ಮ ತಪ್ಪಲ್ವಾ?"

ಮುಂದಿನ ಶುಕ್ರವಾರ ನಮ್ಮ ಸ್ಪೋರ್ಟ್ಸ್ ಡೇ. ಅವಳು 800 ಮೀಟರ್ ಓಡ್ತಿದ್ದಾಳೆ, ಗೆಲ್ಲೋದೂ ಅವಳೇ, ಬೇರೆ ಯಾರೂ ಹತ್ರ ಇಲ್ಲ. ಕೊನೆಗೆ ರಾಷ್ಟ್ರಗೀತೆ ಇರುತ್ತೆ. ನಾನು ಅವಳ ಹಿಂದಿನ ಸಾಲಿನಲ್ಲಿ ನಿಂತಿರ್ತೀನಿ. ಯಾರ್ಯಾರು ತಿರುಗಿ ನೋಡ್ತೀರೋ, ನಿಮಗೆ ನನ್ನ ಮುಖಾನೂ ಕಾಣ್ಸುತ್ತೆ.