ಮರೆಗುಳಿ ಗೆಳೆಯನಿಗೆ ಒಂದು ಮಾತು

ಗೆಳೆಯನ ಮರೆವನ್ನು ಹೇಳಲು ಇಂಗ್ಲಿಷಿನಲ್ಲಿ ಮಾತುಗಳು ಹಲವುಂಟು. ಮನಸ್ಸು ಬೇರೆಡೆ ಇದ್ದು ಮರೆಯುವವನು ‘ಆಬ್ಸೆಂಟ್-ಮೈಂಡೆಡ್’. ಕೆಲಸದಲ್ಲಿ ಅಚ್ಚುಕಟ್ಟಿಲ್ಲದವನು ‘ಡಿಸ್ಆರ್ಗನೈಸ್ಡ್’. ಎರಡೂ ಕೂಡಿದವನು ‘ಸ್ಕ್ಯಾಟರ್‌ಬ್ರೇನ್ಡ್’. ‘ಮೆಮೊರಿ ಲೈಕ್ ಎ ಸೀವ್’ ಎಂದರೆ ಸಾಣಿಗೆಯಂಥ ನೆನಪು. ಜೋಳದ ಹಿಟ್ಟು ಸಾಣಿಸುವ ಚಿಕ್ಕನರಗುಂದದ ಮನೆಗಳಲ್ಲಿ ಈ ಹೋಲಿಕೆಗೆ ವಿವರಣೆ ಬೇಡ.

ಆದರೆ ವಿದ್ಯಾರ್ಥಿಯು ‘ತಲೆಗೇಡಿ’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ, ಮರೆವು ಬುದ್ಧಿಹೀನತೆಯಾಗಿ ಕೇಳಿಸುತ್ತದೆ. ಗೆಳೆಯನ ಮನಸ್ಸು ನೋಯುತ್ತದೆ. ಕನ್ನಡದ ‘ಮರೆಗುಳಿ’ ಎಂಬ ಪದದಲ್ಲಿ ದೋಷದ ಎಣಿಕೆಯೂ ಇದೆ, ಸಲಿಗೆಯೂ ಇದೆ. ಆ ಸಲಿಗೆ ಯಾವ ಮಾತಿನಲ್ಲಿ ಉಳಿಯುವುದೋ ಅದನ್ನೇ ಆರಿಸಬೇಕು. ಪದಗಳನ್ನು ಬಲ್ಲವನಷ್ಟೇ ಭಾಷೆಯನ್ನು ಬಲ್ಲವನಲ್ಲ. ಯಾವ ಪದ ಯಾರನ್ನು ನೋಯಿಸುವುದೆಂದು ಅರಿತವನೇ ಅದನ್ನು ನಿಜವಾಗಿ ಬಲ್ಲವನು.