ಬಂಡಿಜಾಡಿನ ಸವಾರನಿಗೆ ಯಾವ ಕವಚ?

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮಾರ್ಗವಾಗಿ ಮಲೆಮಹದೇಶ್ವರ ಬೆಟ್ಟಕ್ಕೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗುವ ಡಾಂಬರು ರಸ್ತೆಗಳನ್ನು ಬಲ್ಲವರು ಅನೇಕರು. ಆ ರಸ್ತೆಗಳಿಂದ ಕವಲೊಡೆದು ಹೊಲಗಳ ನಡುವೆ, ಕೆರೆಯ ಏರಿಯ ಮೇಲೆ, ಬಂಡೆಗಳ ಮಗ್ಗುಲಲ್ಲಿ ಸಾಗುವ ಬಂಡಿಜಾಡುಗಳಲ್ಲಿ ಮೋಟಾರು ಸೈಕಲ್ಲು ಓಡಿಸುವುದು ಈಗ ತರುಣರಿಗೆ ಒಂದು ಕ್ರೀಡೆಯಾಗಿದೆ. ಈ ಕ್ರೀಡೆಯನ್ನು ನಾನು ಆಕ್ಷೇಪಿಸುವವನಲ್ಲ. (ಲೈಸೆನ್ಸಿನ ವಯಸ್ಸಾಗದ ವಾಚಕರು ಇದನ್ನು ಮುಂದಿನ ಉಪಯೋಗಕ್ಕೆಂದು ಓದಿಕೊಳ್ಳಲಿ.) ಆದರೆ ಅದಕ್ಕೆ ತೊಡುವ ಉಡುಪನ್ನು ಜಾಹೀರಾತಿನ ಚಿತ್ರ ನೋಡಿ ಆರಿಸುವುದನ್ನು ಒಪ್ಪಲಾರೆ. ಸವಾರನು ಎಲ್ಲಿ, ಹೇಗೆ ಬೀಳುತ್ತಾನೆಂಬುದೇ ಉಡುಪನ್ನು ನಿರ್ಣಯಿಸಬೇಕು. ಹಾಗೆ ಯೋಚಿಸಿದರೆ, ಕೈಯಲ್ಲಿ ಹಣ ಕಡಿಮೆಯಿರುವ ವಿದ್ಯಾರ್ಥಿಯು ಬೆಲೆಬಾಳುವ ಜಾಕೆಟ್ಟನ್ನು ಮೊದಲಲ್ಲ, ಕಡೆಯಲ್ಲಿ ಕೊಳ್ಳಬೇಕಾಗುತ್ತದೆ.

ಹೆದ್ದಾರಿಯಲ್ಲಿ ಬಿದ್ದವನು ಡಾಂಬರಿನ ಮೇಲೆ ಬಹುದೂರ ಉಜ್ಜಿಕೊಂಡು ಹೋಗುತ್ತಾನೆ. ಅಲ್ಲಿ ಚರ್ಮವನ್ನು ಉಳಿಸುವುದು ದೊಡ್ಡ ಕೆಲಸ. ಬಂಡಿಜಾಡಿನಲ್ಲಿ ವೇಗ ಕಡಿಮೆ, ಬೀಳುವ ಸಂದರ್ಭಗಳು ಹೆಚ್ಚು. ಗರಸಿನಲ್ಲಿ ಮುಂದಿನ ಗಾಲಿ ಜಾರುತ್ತದೆ, ಗಾಡಿ ಪಕ್ಕಕ್ಕೆ ವಾಲುತ್ತದೆ, ನೂರು ಕಿಲೋಗ್ರಾಂ ಮಿಕ್ಕಿದ ಭಾರ ಕಣಕಾಲಿನ ಮೇಲೆ ಕುಳಿತುಬಿಡುತ್ತದೆ. ಮೊಣಕಾಲು ಕಲ್ಲಿಗೆ ಬಡಿಯುತ್ತದೆ. ಊರಿದ ಅಂಗೈ ಮೈಯ ಭಾರವನ್ನೆಲ್ಲ ಹೊರುತ್ತದೆ. ಚಪ್ಪಲಿ ಮೆಟ್ಟಿ ಹೊರಟವನ ಪಾದಕ್ಕೆ ಕಾದ ಸೈಲೆನ್ಸರಿನ ಸ್ಪರ್ಶವೂ ಆಗಬಹುದು.

ವೇಗ ಕಡಿಮೆಯೆಂದು ತಲೆಯನ್ನು ಬರಿದೇ ಬಿಡಬಹುದೇ? ಒಂದು ಸಣ್ಣ ಲೆಕ್ಕ ಮಾಡೋಣ. ಗಾಡಿ ನಿಂತೇ ಇದ್ದು, ಸವಾರನ ತಲೆ ೧.೫ ಮೀಟರು ಎತ್ತರದಿಂದ ನೆಲಕ್ಕೆ ಬಿದ್ದಿತೆನ್ನಿ. ನೆಲ ಮುಟ್ಟುವ ಕ್ಷಣದಲ್ಲಿ ಅದರ ವೇಗ ಸೆಕೆಂಡಿಗೆ ೫.೪ ಮೀಟರು, ಎಂದರೆ ಗಂಟೆಗೆ ಸುಮಾರು ೨೦ ಕಿಲೋಮೀಟರು. ಈ ವೇಗವು ಎಷ್ಟು ದೂರದಲ್ಲಿ ಶೂನ್ಯವಾಗುತ್ತದೆಂಬುದರ ಮೇಲೆಯೇ ಪೆಟ್ಟಿನ ಉಗ್ರತೆ ನಿಂತಿದೆ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ, ಸರಾಸರಿ ನಿಧಾನಗತಿಯು ಗುರುತ್ವದ ಎಷ್ಟು ಪಟ್ಟೆಂಬುದು ದೊರೆಯುತ್ತದೆ. ಬರಿಯ ಕಲ್ಲಿನ ಮೇಲೆ ೩ ಮಿಲಿಮೀಟರಿನಲ್ಲಿ ನಿಂತರೆ ಅದು ೫೦೦ ಪಟ್ಟು. ಹೆಲ್ಮೆಟ್ಟಿನೊಳಗಿನ ಪದರವು ಕುಗ್ಗಿ ೨೫ ಮಿಲಿಮೀಟರು ದೂರ ಒದಗಿಸಿದರೆ ೬೦ ಪಟ್ಟು ಮಾತ್ರ. ಕವಚವೆಂಬುದು ನಿಲ್ಲಲು ಒಂದಿಷ್ಟು ದೂರವನ್ನು ಕೊಡುವ ಉಪಾಯ. ಹೆಲ್ಮೆಟ್ಟಿನಲ್ಲಿ ಆ ಕೆಲಸ ಮಾಡುವುದು ಹೊರಚಿಪ್ಪಿಗಿಂತ ಹೆಚ್ಚಾಗಿ ಥರ್ಮೊಕೋಲಿನ ಜಾತಿಯ ಒಳಪದರ. ಒಮ್ಮೆ ನಜ್ಜಾದ ಪದರ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಹೊಳೆಯುತ್ತಿದ್ದರೂ ನಿರುಪಯೋಗಿ.

ರೇಷ್ಮೆಯ ಊರಾದ ಕೊಳ್ಳೇಗಾಲದ ವಾಚಕರಿಗೆ ಇಲ್ಲೊಂದು ಸಂದೇಹ ಬರಬಹುದು. ರೇಷ್ಮೆಯ ಎಳೆ ಬಲು ಗಟ್ಟಿಯಲ್ಲವೇ? ನಿಜ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೇಷ್ಮೆಯಿಂದ ಗುಂಡುನಿರೋಧಕ ಕವಚವನ್ನೂ ನೇಯ್ದರು. ೧೯೬೫ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ಕೆವ್ಲಾರ್ ನೂಲು ಅದಕ್ಕಿಂತ ಬಲಿಷ್ಠ, ನೈಲಾನಿನಂತೆ ಉಜ್ಜಿದ ಬಿಸಿಗೆ ಕರಗುವುದೂ ಇಲ್ಲ. ಆದರೆ ಎಳೆತಕ್ಕೆ ಜಗ್ಗದ ಬಟ್ಟೆ ಹರಿಯದೆ ಉಳಿಯಬಲ್ಲುದು. ಅದರೊಳಗಿನ ಮೂಳೆ ಮುರಿಯದಂತೆ ತಡೆಯಲಾರದು. ಆ ಕೆಲಸಕ್ಕೆ ಮೆತ್ತೆಯೇ ಬೇಕು. ಮೊಣಕಾಲು, ಮೊಣಕೈಗಳ ಮೆತ್ತೆಗಳನ್ನು ಪರೀಕ್ಷಿಸುವ ಇ.ಎನ್. ೧೬೨೧ ಎಂಬ ಐರೋಪ್ಯ ಮಾನಕವಿದೆ. ೫ ಕಿಲೋಗ್ರಾಂ ತೂಕ ಒಂದು ಮೀಟರಿನಿಂದ ಬಿದ್ದಷ್ಟು, ಎಂದರೆ ೫೦ ಜೂಲ್ ಪೆಟ್ಟು ಬಿದ್ದಾಗ, ಒಳಕ್ಕೆ ದಾಟುವ ಬಲದ ಸರಾಸರಿಯು ಮೊದಲ ದರ್ಜೆಯ ಮೆತ್ತೆಯಲ್ಲಿ ೩೫ ಕಿಲೋನ್ಯೂಟನ್, ಎರಡನೆಯ ದರ್ಜೆಯಲ್ಲಿ ೨೦ ಕಿಲೋನ್ಯೂಟನ್ ಮೀರಕೂಡದು. ಕೊಳ್ಳುವಾಗ ಈ ಗುರುತನ್ನು ಮೆತ್ತೆಯ ಮೇಲೆಯೇ ಹುಡುಕಬೇಕು, ಜಾಕೆಟ್ಟಿನ ಬೆನ್ನಿನ ಮೇಲಿನ ದೊಡ್ಡಕ್ಷರಗಳಲ್ಲಲ್ಲ.

ಆದುದರಿಂದ ನನ್ನ ಅನುಕ್ರಮ ಹೀಗಿದೆ: ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು, ಕಣಕಾಲನ್ನು ದಾಟಿ ಬರುವ ಗಡುಸಾದ ಬೂಟು, ಮೊಣಕಾಲಿನ ಕವಚ, ಕೈಗವಸು, ಮಿಕ್ಕುದೆಲ್ಲ ಆಮೇಲೆ. ಹೆಲ್ಮೆಟ್ಟಿನ ವಿಷಯದಲ್ಲಿ ವಿಜ್ಞಾನ ಮಾತನಾಡಿ ಬಹುಕಾಲವಾಯಿತು. ೧೯೩೫ರಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ಮಡಿದ ಟಿ. ಇ. ಲಾರೆನ್ಸನ ಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್, ಸೈನ್ಯದ ಸವಾರರ ತಲೆಯ ಗಾಯಗಳನ್ನು ಅಭ್ಯಸಿಸಿ, ಹೆಲ್ಮೆಟ್ಟಿನ ಪ್ರಯೋಜನವನ್ನು ೧೯೪೧ರಲ್ಲಿಯೇ ಪ್ರಕಟಿಸಿದನು. ನಮ್ಮಲ್ಲಿ ೨೦೨೧ರ ಜೂನ್ ತಿಂಗಳಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದೇ ನಿಷಿದ್ಧ. ಆದರೂ ನೆತ್ತಿಯನ್ನಷ್ಟೇ ಮುಚ್ಚುವ ಬುಟ್ಟಿಯಂಥ ಟೋಪಿಯಿಂದ ಪೋಲೀಸರನ್ನು ಸಮಾಧಾನಪಡಿಸುವವರಿದ್ದಾರೆ. ಕಲ್ಲನ್ನು ಸಮಾಧಾನಪಡಿಸುವ ಬಗೆಯನ್ನು ಅವರು ಹೇಳುವುದಿಲ್ಲ.

ಸೆಕೆಯ ಆಕ್ಷೇಪಣೆಯನ್ನು ಮಾತ್ರ ಲಘುವಾಗಿ ಕಾಣಲಾಗದು. ಬೇಸಿಗೆಯ ಹನೂರಿನಲ್ಲಿ, ಶೀತದೇಶದವರಿಗೆಂದು ಹೊಲಿದ ದಪ್ಪ ಜಾಕೆಟ್ಟು ಒಲೆಯಾಗುತ್ತದೆ. ಒಂದು ಲೀಟರು ಬೆವರು ಆರಿದರೆ ಮೈಯಿಂದ ಸುಮಾರು ೫೮೦ ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಗಾಳಿಯಾಡದ ಉಡುಪಿನೊಳಗೆ ಬೆವರು ಆರದೆ ಇಳಿದುಹೋಗುವುದರಿಂದ ನೀರು ನಷ್ಟ, ತಂಪೂ ಇಲ್ಲ. ಬಳಲಿದವನ ಕೈ ಬ್ರೇಕಿನ ಮೇಲೆ ತಡವಾಗಿ ಬೀಳುತ್ತದೆ. ನಮ್ಮ ಸೀಮೆಗೆ ಬಲೆಯಂಥ ಬಟ್ಟೆಗೆ ಮೆತ್ತೆಗಳನ್ನು ಹೊಲಿದ ಹಗುರವಾದ ಅಂಗಿಯೇ ಯುಕ್ತ. ಜಾಲಿಯ ಮುಳ್ಳು ಆ ಬಲೆಯನ್ನು ಹರಿಯುವುದುಂಟು. ಹರಿದ ಅಂಗಿಯನ್ನು ಹೊಲಿಯಬಹುದು.

ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಅಳತೆ ನೋಡುವುದು ವ್ಯರ್ಥ. ಪೂರ್ತಿ ಕುಕ್ಕರಿಸಿ ಎದ್ದು, ಮೊಣಕಾಲೂರಿ, ಪಾದದಂಡಗಳ ಮೇಲೆ ನಿಲ್ಲುವ ಭಂಗಿಯಲ್ಲಿ ಬಾಗಿ ನೋಡಬೇಕು. ಮೆತ್ತೆ ಚಿಪ್ಪಿನಿಂದ ಎರಡು ಬೆರಳು ಸರಿದರೂ ಅದು ಬೀಳುವ ಹೊತ್ತಿಗೆ ಮೊಣಕಾಲಿನ ಮೇಲಿರುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದು ಹಿಂದಿನಿಂದ ಮುಂದಕ್ಕೆ ತಳ್ಳಿದಾಗ ಅದು ಕಳಚಿಬಂದರೆ ಅಂಗಡಿಯವನಿಗೇ ಹಿಂದಿರುಗಿಸಬೇಕು.

ಇಷ್ಟೆಲ್ಲ ತೊಟ್ಟವನೂ ಕಾಡಿನೊಳಕ್ಕೆ ನುಗ್ಗುವಂತಿಲ್ಲ. ಬಿಳಿಗಿರಿರಂಗನ ಬೆಟ್ಟ ೨೦೧೧ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆಮಹದೇಶ್ವರ ಬೆಟ್ಟದ ಕಾಡು ೨೦೧೩ರಿಂದ ವನ್ಯಜೀವಿಧಾಮ. ಅಲ್ಲಿ ರಸ್ತೆ ಬಿಟ್ಟು ಗಾಡಿ ಇಳಿಸುವುದು ಅಪರಾಧ. ಊರ ಗೋಮಾಳದಾಚೆಯ ಜಾಡು, ಹೊಲದೊಡೆಯನು ಒಪ್ಪಿದ ಬೀಳುನೆಲ, ಇವು ಕಲಿಯುವವನಿಗೆ ಸಾಲುವಷ್ಟು ಕಲ್ಲುಗಳನ್ನು ಒದಗಿಸುತ್ತವೆ.